ಅರ್ಧ ನಿಮಿಷದ ನಾಡಿ

ತುರ್ತು ವೈದ್ಯಕೀಯ ತರಬೇತಿ ಶಾಲೆಯಲ್ಲಿ ಅವಳಿಗೆ ಗಿಣಿ ಎಂಬ ಹೆಸರು ಬಿದ್ದದ್ದು ಮೂಗಿನಿಂದಲ್ಲ, ಬಾಯಿಂದ. ಆಂಬುಲೆನ್ಸಿನಲ್ಲಿ ಹೋಗುವವರು ರೋಗಿಯ ಬಳಿ ನಿಂತು ಮೊದಲು ಏನು ನೋಡಬೇಕು, ಏನು ಕೇಳಬೇಕು, ಎಲ್ಲಿ ಮುಟ್ಟಬೇಕು ಎಂದು ನಲವತ್ತೆರಡು ಹೆಜ್ಜೆಗಳ ಒಂದು ಪಟ್ಟಿ ಅಲ್ಲಿ ಎಲ್ಲರಿಗೂ ಕೊಡುತ್ತಾರೆ. ಉಳಿದವರು ತಿಂಗಳಾದರೂ ತಡವರಿಸುತ್ತಿದ್ದಾಗ ಇವಳು ಮೂರೇ ದಿನಕ್ಕೆ ಅದನ್ನು ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸಿಬಿಟ್ಟಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ‘ಸ್ಥಳ ಸುರಕ್ಷಿತವಾಗಿದೆ, ಕೈಗವಸು ಹಾಕಿದ್ದೇನೆ, ರೋಗಿ ಒಬ್ಬರೇ’ ಎಂದು ಶುರುಮಾಡುವಳು. ಇಂಥವಳು ರೋಗಿ ಪರೀಕ್ಷೆಯ ಪ್ರಾಯೋಗಿಕದಲ್ಲಿ ಎರಡು ಸಲ ನಪಾಸಾದಳು ಎಂದರೆ ಯಾರು ನಂಬುತ್ತಾರೆ? ಆದರೆ ಆದಳು.

ಮೊದಲನೆಯ ಸಲ ರೋಗಿಯಾಗಿ ನೆಲದ ಮೇಲೆ ಮಲಗಿದ್ದವನು ಶಾಲೆಯ ಆಂಬುಲೆನ್ಸ್ ಡ್ರೈವರ್. ಗಟ್ಟಿ ಆಳು, ನರಳುವುದರಲ್ಲಿ ನಿಸ್ಸೀಮ. ಗಿಣಿ ಹೆಸರು ಕೇಳುವ ಮೊದಲೇ ಅವನು, “ಅಮ್ಮಾ, ನಂಗೆ ಪೆನಿಸಿಲಿನ್ ಮಾತ್ರ ಕೊಡಬೇಡಿ, ಮೈಯೆಲ್ಲ ಊದ್ಕೊಳ್ಳುತ್ತೆ” ಎಂದ. ಗಿಣಿ “ಸರಿ” ಎಂದಳು. ಪಟ್ಟಿಯ ಪ್ರಕಾರ ಒಂದೊಂದೇ ಹೆಜ್ಜೆ ಇಟ್ಟು, ಇಪ್ಪತ್ತಮೂರನೆಯದಕ್ಕೆ ಬಂದಾಗ, “ನಿಮಗೆ ಯಾವುದಾದ್ರೂ ಔಷಧಿ ಒಗ್ಗೋದಿಲ್ವಾ?” ಎಂದು ಮುದ್ದಾಗಿ ಕೇಳಿದಳು. ಡ್ರೈವರ್ ಸಾಯುವ ನಟನೆಯನ್ನು ಅಲ್ಲೇ ಬಿಟ್ಟು ಎದ್ದು ಕುಳಿತು, “ಆಗ್ಲೇ ಹೇಳಿದೆನಲ್ಲಮ್ಮಾ!” ಎಂದು ನಕ್ಕುಬಿಟ್ಟ.

ಎರಡನೆಯ ಸಲದ್ದು ನಗುವ ಸಂಗತಿಯಲ್ಲ. ಆ ಶಾಲೆಯಲ್ಲಿ ಒಂದು ಪದ್ಧತಿ ಉಂಟು. ಅಭ್ಯಾಸಕ್ಕೆ ಮಲಗುವವರೆಲ್ಲ ಗುಂಡುಕಲ್ಲಿನಂಥವರು. ಅವರ ನಾಡಿ ಎಣಿಸಿದರೆ ರೋಗ ಎಲ್ಲಿಂದ ಬರಬೇಕು? ಅದಕ್ಕೆ ವಿದ್ಯಾರ್ಥಿ ಮಣಿಕಟ್ಟು ಹಿಡಿದ ಕೂಡಲೆ ಪಕ್ಕದಲ್ಲಿ ನಿಂತವನು ಚೀಟಿ ನೋಡಿ ‘ನಾಡಿ ನೂರಿಪ್ಪತ್ತು’ ಎಂದೋ ‘ಎಪ್ಪತ್ತಾರು’ ಎಂದೋ ಹೇಳಿಬಿಡುತ್ತಾನೆ. ಆರು ತಿಂಗಳು ಹೀಗೆ ನಡೆದರೆ ಬೆರಳು ಮಣಿಕಟ್ಟಿನ ಮೇಲೆ ಸುಮ್ಮನೆ ಕೂತಿರುತ್ತದೆ, ಕಿವಿ ಚೀಟಿಯ ಕಡೆ ಇರುತ್ತದೆ. ಎರಡನೆಯ ಪರೀಕ್ಷೆಯ ದಿನ ಮೇಷ್ಟ್ರು ತಾವೇ ರೋಗಿಯಾಗಿ ಮಲಗಿದರು. ಇಪ್ಪತ್ತೈದು ವರ್ಷ ಆಂಬುಲೆನ್ಸಿನಲ್ಲಿ ತಿರುಗಿ, ಸೊಂಟ ಹಿಡಿದುಕೊಂಡ ಮೇಲೆ ಪಾಠಕ್ಕೆ ಬಂದ ಮನುಷ್ಯ ಅವರು. ಗಿಣಿ ಕೈ ಹಿಡಿದಳು. ಯಾರೂ ಚೀಟಿ ಓದಲಿಲ್ಲ. ಇವಳು ಕಾದಳು. ಇನ್ನೂ ಕಾದಳು. ಕೊನೆಗೆ ಬಾಯಿಗೆ ಬಂದದ್ದನ್ನು ಹೇಳಿದಳು: “ನಾಡಿ ಎಪ್ಪತ್ತಾರು.”

ಮೇಷ್ಟ್ರು ಎದ್ದು ಕುಳಿತರು. “ನಿನಗೆ ಗೊತ್ತಾಗದ ಹಾಗೆ ಈ ಸೊಂಟ ಇಟ್ಕೊಂಡೇ ಮೂರು ಮಹಡಿ ಓಡಿ ಹತ್ತಿ ಬಂದು ಮಲಗಿದೀನಿ. ನೂರಹತ್ತು ಹೊಡ್ಕೊಳ್ತಿದೆ ಇಲ್ಲಿ. ನೀನು ಹಿಡ್ಕೊಂಡಿದ್ದು ನನ್ನ ಕೈಯಲ್ಲಮ್ಮ, ಚೀಟಿ.”

ಗಿಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದ್ದು ಬರುವ ಗಾಬರಿಯಲ್ಲಿ ಮೇಜಿನ ಮೂಲೆಗೆ ಸಿಕ್ಕಿ ಅವಳ ಕೈಗಡಿಯಾರದ ಪಟ್ಟಿಯೂ ಕಿತ್ತುಹೋಯಿತು. ಮೂರನೆಯ ಪರೀಕ್ಷೆಗೆ ಮೊದಲು ಹತ್ತು ದಿನ ರಜೆ ಸಿಕ್ಕಿತು. ಮೂರರಲ್ಲೂ ಹೋದರೆ ಹೆಸರು ಹೊಡೆದುಹಾಕುತ್ತಾರೆ, ಮತ್ತೆ ಸೇರಿಸಿಕೊಳ್ಳುವುದಿಲ್ಲ. ಅದು ಶಾಲೆಯ ಕಾನೂನು.

ಮನೆಯಲ್ಲಿ ಇದ್ದದ್ದು ಇಬ್ಬರೇ, ಗಿಣಿ ಮತ್ತು ಅವಳ ಅತ್ತೆ. ಗಂಡ ದೂರದ ಗಣಿಯೊಂದರಲ್ಲಿ ಯಂತ್ರ ನೋಡಿಕೊಳ್ಳುವವನು, ಎರಡು ತಿಂಗಳಿಗೊಮ್ಮೆ ಬಂದು ಬಟ್ಟೆ ಒಗೆಸಿಕೊಂಡು ಹೋಗುತ್ತಾನೆ. ಅತ್ತೆ ದರ್ಜಿ. ರಸ್ತೆಗೆ ಬಾಗಿಲಿರುವ ಕೆಳಗಿನ ಕೋಣೆಯೇ ಅಂಗಡಿ, ಮೇಲಿನ ಎರಡು ಕೋಣೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ನಲವತ್ತು ವರ್ಷದಿಂದ ಆಕೆಯ ಕೊರಳಿನಲ್ಲಿ ಅಳತೆ ಟೇಪು ನೇತಾಡುತ್ತಲೇ ಇದೆ. ಗಿಣಿ ಈ ಮನೆಗೆ ಸೊಸೆಯಾಗಿ ಬಂದಾಗ ನರ್ಸಿಂಗ್ ಓದುತ್ತಿದ್ದಳು. ಬಂದ ಆರು ತಿಂಗಳಿಗೆ ಮಾವ ಹಾಸಿಗೆ ಹಿಡಿದರು. ಯಾರೂ ಓದು ಬಿಡು ಎನ್ನಲಿಲ್ಲ, ಬಿಡಬೇಡ ಎಂದೂ ಅನ್ನಲಿಲ್ಲ. ನಾಲ್ಕು ವರ್ಷ ಅವರನ್ನು ಎತ್ತಿ, ಇಳಿಸಿ, ಉಣ್ಣಿಸಿ, ಅವರು ಹೋದ ಮೇಲೆ ನೋಡಿದರೆ ಓದಿನ ಬಾಗಿಲು ಮುಚ್ಚಿತ್ತು. ಆಂಬುಲೆನ್ಸ್ ಶಾಲೆಯ ಅರ್ಜಿ ತಂದು ಸೊಸೆಯ ತಟ್ಟೆಯ ಪಕ್ಕ ಇಟ್ಟವರು ಅತ್ತೆಯೇ. “ಇದಕ್ಕೆ ವಯಸ್ಸಿನ ಮಿತಿ ಇಲ್ಲವಂತೆ” ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದುಹೋಗಿದ್ದರು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ, ಜಗಳವಿಲ್ಲ, ಸಲಿಗೆಯೂ ಇಲ್ಲ. ಒಂಬತ್ತು ವರ್ಷದಲ್ಲಿ ಒಬ್ಬರನ್ನೊಬ್ಬರು ಮುಟ್ಟಿದ್ದೇ ಕಡಿಮೆ. ಟೀ ಲೋಟ ಕೊಡುವಾಗ ಬೆರಳು ತಾಗಿದರೂ ಇಬ್ಬರೂ ಚೂರು ಹಿಂದೆ ಸರಿಯುತ್ತಿದ್ದರು.

ಎರಡನೆಯ ಸಲ ನಪಾಸಾದ ಸಂಜೆ ಗಿಣಿ ಅಂಗಡಿಯ ಸ್ಟೂಲಿನ ಮೇಲೆ ಕೂತು, ತಲೆ ತಗ್ಗಿಸಿಕೊಂಡು ನಡೆದದ್ದೆಲ್ಲ ಹೇಳಿದಳು. ಅತ್ತೆ ಗುಂಡಿ ಹೊಲಿಯುತ್ತಲೇ ಕೇಳಿದರು.

“ಗಿರಾಕಿ ಬಂದು ಸೊಂಟ ಮೂವತ್ನಾಲ್ಕು ಅಂತಾನೆ. ಟೇಪು ನಲವತ್ತು ಅನ್ನುತ್ತೆ. ಅವನ ಮಾತು ನಂಬಿ ಹೊಲಿದ್ರೆ ಕೂತ ಕೂಡ್ಲೆ ಗುಂಡಿ ಹಾರೋದು. ಗಿರಾಕಿ ಹೇಳೋದನ್ನ ಕೇಳಬೇಕು, ನಂಬಬೇಕಾದ್ದು ಮಾತ್ರ ಟೇಪನ್ನ” ಎಂದು ಹಲ್ಲಿನಿಂದ ದಾರ ಕಡಿದರು. ಆಮೇಲೆ ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲಿದ್ದ ಕತ್ತರಿ, ಸೀಮೆಸುಣ್ಣ, ಅರ್ಧ ಕೋಟು ಎಲ್ಲವನ್ನೂ ಒಂದು ಪಕ್ಕಕ್ಕೆ ಸರಿಸಿ, ಚಪ್ಪಲಿ ಬಿಟ್ಟು, ಮೇಜಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. “ನಾನೇ ರೋಗಿ. ಶುರು ಮಾಡು.”

ಗಿಣಿ ಪಟ್ಟಿಯಂತೆ ಮುಂದೆ ಬಂದು ನೇರವಾಗಿ ಅವರ ಕುತ್ತಿಗೆಗೆ ಕೈ ಹಾಕಿದಳು. ಅತ್ತೆ ಬೆಚ್ಚಿಬಿದ್ದರು.

“ಹಾಗೆ ಮೇಲೆ ಬೀಳಬಾರ್ದು ಕಣೇ! ಹೊಸ ಗಿರಾಕಿಯ ಮೈ ಮುಟ್ಟೋ ಮೊದಲು ನಾನು ಏನ್ಮಾಡ್ತೀನಿ ನೋಡಿಲ್ವಾ? ಟೇಪಿನ ಒಂದು ತುದಿ ಅವರ ಕೈಗೇ ಕೊಡ್ತೀನಿ, ಸ್ವಲ್ಪ ಹಿಡ್ಕೊಳ್ಳಿ ಅಂತ. ಕೈಗೊಂದು ಕೆಲಸ ಸಿಕ್ಕರೆ ಮೈ ಹೆದರೋದು ಬಿಡುತ್ತೆ.”

ಒಂಬತ್ತು ವರ್ಷದಿಂದ ದಿನವೂ ಕಣ್ಣೆದುರಿಗೇ ನಡೆಯುತ್ತಿದ್ದದ್ದನ್ನು ಗಿಣಿ ಆವತ್ತು ಮೊದಲ ಸಲ ಕೇಳಿಸಿಕೊಂಡಳು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ಅಂದಿನಿಂದ ಸಂಜೆ ಐದು ಹೊಡೆದರೆ ಅಂಗಡಿಯ ಬಾಗಿಲು ಅರ್ಧ ಮುಚ್ಚುವುದು, ಅತ್ತೆ ಮೇಜು ಹತ್ತುವುದು. ರೋಗಿಯಾಗುವುದರಲ್ಲಿ ಅತ್ತೆಗೆ ಎಲ್ಲಿಲ್ಲದ ಹುಮ್ಮಸ್ಸು. ಒಂದು ದಿನ ಏಣಿಯಿಂದ ಬಿದ್ದರು, ಮರುದಿನ ಆರು ಗುಂಡಿ ನುಂಗಿದರು. ಇನ್ನೊಂದು ದಿನ ಎದೆನೋವು.

“ಎದೆ ಮೇಲೆ ಆನೆ ಕೂತಿದೆ.”

“ಯಾವಾಗಿಂದ ಕೂತಿದೆ?”

“ಊಟ ಆದ್ಮೇಲೆ ಬಂತು.”

“ನೋವು ತೋಳಿಗೋ ಬೆನ್ನಿಗೋ ಹೋಗ್ತಿದ್ಯಾ?”

“ಆನೆ ಕೂತಲ್ಲೇ ಕೂತಿದೆ, ಎಲ್ಲಿಗೆ ಹೋಗುತ್ತೆ?”

ಗಿಣಿಗೆ ನಗು ತಡೆಯಲಾಗಲಿಲ್ಲ. ರೋಗಿಯೂ ನಕ್ಕರು. ಮೇಜು ಅಲುಗಿ ಸೀಮೆಸುಣ್ಣ ಕೆಳಗೆ ಬಿದ್ದು ಪುಡಿಯಾಯಿತು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ ಅವರಿಗೇ ನೆನಪಿರಲಿಲ್ಲ.

ನಗುವಿನ ನಡುವೆಯೂ ಗಿಣಿ ಒಂದು ಹಟ ಹಿಡಿದಿದ್ದಳು. ಈ ಸಲ ಚೀಟಿ ಇಲ್ಲ, ನಾಡಿಯನ್ನು ಬೆರಳಿನಿಂದಲೇ ಎಣಿಸಬೇಕು. ಅರ್ಧ ನಿಮಿಷ ಎಣಿಸುವುದು, ಬಂದದ್ದನ್ನು ಎರಡರಷ್ಟು ಮಾಡುವುದು. ಅರವತ್ತರಿಂದ ನೂರರ ಒಳಗಿದ್ದರೆ ಸರಿ, ಇಲ್ಲವಾದರೆ ಎಚ್ಚರ. ಇದನ್ನು ಅವಳು ಗಟ್ಟಿಯಾಗಿ ಓದುವಾಗ ಅತ್ತೆಯೂ ಕೇಳಿಸಿಕೊಂಡಿದ್ದರು. ಆದರೆ ಸಮಯ ನೋಡುವುದು ಹೇಗೆ? ಗಡಿಯಾರ ಕಿತ್ತುಹೋಗಿತ್ತು. ಮೊಬೈಲು ಪರೀಕ್ಷೆಯ ಕೋಣೆಗೇ ನಿಷಿದ್ಧ. ‘ಮೊಬೈಲ್ ಹಿಡಿದ ಕೈ ನಾಡಿ ಹಿಡಿಯೋದಿಲ್ಲ, ಮನೆಯಲ್ಲೂ ಅದರ ಚಾಳಿ ಬೇಡ’ ಎಂದು ಮೇಷ್ಟ್ರು ತಾಕೀತು ಮಾಡಿದ್ದರು.

ಎರಡನೆಯ ದಿನ ಅತ್ತೆಯೇ ದಾರಿ ಹೇಳಿದರು. “ಗಡಿಯಾರ ಇಲ್ಲಿ ಕೊಡು, ಒಳ್ಳೇ ಚರ್ಮದ ಪಟ್ಟಿ ಹೊಲಿದು ಕೊಡ್ತೀನಿ. ಅಲ್ಲೀವರ್ಗೂ ಗೋಡೆ ಗಡಿಯಾರ ಇದೆಯಲ್ಲ. ನೀನು ನನ್ನ ಮುಖ ನೋಡು, ಗಡಿಯಾರ ನಾನು ನೋಡ್ತೀನಿ. ಅರ್ಧ ನಿಮಿಷಕ್ಕೆ ಆಯ್ತು ಅಂತೀನಿ.”

ಗೋಡೆ ಗಡಿಯಾರ ಗಿಣಿಯ ಬೆನ್ನ ಹಿಂದೆ ಇತ್ತು. ಅವಳು ಎರಡು ಬೆರಳನ್ನು ಅತ್ತೆಯ ಹೆಬ್ಬೆರಳ ಬುಡದಲ್ಲಿ ಇಟ್ಟು ಕಣ್ಣು ಅರೆ ಮುಚ್ಚಿದಳು. ಒಂದು ಮಿಡಿತ. ಆಮೇಲೆ ಏನೂ ಇಲ್ಲ. ತಪ್ಪಿಸಿಕೊಂಡಿತೇ ಎಂದು ಬೆರಳು ಒತ್ತುವಷ್ಟರಲ್ಲಿ ಇನ್ನೊಂದು. ಪಕ್ಕದ ಮನೆಯ ಮುದುಕರು ತಿರುಗಾಡಲು ಹೊರಟಂತೆ ನಿಧಾನವಾಗಿ, ನಿಂತು ನಿಂತು ಬರುತ್ತಿತ್ತು.

“ಆಯ್ತು.”

“ಮೂವತ್ತೆಂಟು. ಎರಡರಷ್ಟು ಎಪ್ಪತ್ತಾರು. ಅತ್ತೆ, ಎಪ್ಪತ್ತಾರು! ಚೀಟಿಯಲ್ಲಿದ್ದಷ್ಟೇ!” ಎಂದು ಗಿಣಿ ಕುಣಿದಾಡಿದಳು. ತಾನೇ ಎಣಿಸಿ ಪಡೆದ ಮೊದಲ ಲೆಕ್ಕ ಅದು. ಆಮೇಲೆ ನೆನಪಾಗಿ, “ನಡುನಡುವೆ ತುಂಬಾ ಬಿಡುವು ಇರೋ ಹಾಗಿತ್ತಲ್ಲ ಅತ್ತೆ?” ಎಂದು ಕೇಳಿದಳು.

“ವಯಸ್ಸಾದವರ ನಾಡಿ ಸೋಮಾರಿ. ನಿನ್ನ ಬೆರಳಿಗೆ ಅವಸರ” ಎಂದು ಅತ್ತೆ ಎದ್ದು ಕುಳಿತರು. ಕುಳಿತವರು ಮೇಜಿನ ಅಂಚನ್ನು ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದರು. ಗಿಣಿ ಪುಸ್ತಕದಲ್ಲಿ ದೊಡ್ಡದಾಗಿ 76 ಎಂದು ಬರೆಯುತ್ತಿದ್ದಳು.

ಮರುದಿನವೂ ಮೂವತ್ತೆಂಟು, ಒಂದು ದಿನ ಮೂವತ್ತೇಳು, ಮತ್ತೆ ಮೂವತ್ತೆಂಟು. ಗಿಣಿಗೆ ಈಗ ಅತ್ತೆಯ ಕೈ ಚೆನ್ನಾಗಿ ಪರಿಚಯವಾಗಿತ್ತು. ಹೆಬ್ಬೆರಳಿನ ಮೇಲೆ ಕತ್ತರಿ ಒತ್ತಿ ಒತ್ತಿ ಬಿದ್ದ ಗಂಟು, ತೋರುಬೆರಳ ತುದಿಯಲ್ಲಿ ಸೂಜಿಯ ಚುಕ್ಕೆಗಳು, ಸದಾ ತಣ್ಣಗಿನ ಅಂಗೈ. ಆ ಅರ್ಧ ನಿಮಿಷ ಅವಳಿಗೆ ಎಷ್ಟು ದೀರ್ಘವಾಗಿ, ಎಷ್ಟು ಹಿತವಾಗಿ ಇರುತ್ತಿತ್ತು ಎಂದರೆ ಬೆಳಗಿನಿಂದಲೇ ಸಂಜೆಗೆ ಕಾಯುತ್ತಿದ್ದಳು.

ಆರನೆಯ ದಿನ ಅತ್ತೆಯ ರೋಗ ಯಾಕೋ ಸಪ್ಪೆಯಾಗಿತ್ತು. ಆನೆ ಇಲ್ಲ, ಏಣಿ ಇಲ್ಲ. “ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ. ಅರ್ಧಕ್ಕೆ ಕೂತ್ಕೋಬೇಕು ಅನ್ಸುತ್ತೆ” ಎಂದರು ಸೂರು ನೋಡುತ್ತ.

“ಎಷ್ಟು ದಿನದಿಂದ?”

“ಮೂರು ವಾರ ಆಯ್ತೇನೋ.”

“ಬಿದ್ದಿದೀರಾ ಎಲ್ಲಾದ್ರೂ?”

“ಬೀಳ್ಲಿಲ್ಲ. ಗೋಡೆ ಇತ್ತು.”

ಗಿಣಿ ಎಲ್ಲವನ್ನೂ ಬರೆದುಕೊಂಡು, ಉಳಿದ ಹೆಜ್ಜೆಗಳನ್ನು ಮುಗಿಸಿ, “ಇವತ್ತಿನ ನಟನೆ ಮಾತ್ರ ನಿಜವಾದ ರೋಗಿ ಹಾಗೇ ಇತ್ತು ಅತ್ತೆ!” ಎಂದು ಹೊಗಳಿದಳು. ಅತ್ತೆ ಏನೋ ಹೇಳಲು ಬಾಯಿ ತೆರೆದವರು ಟೇಪನ್ನು ಸುರುಳಿ ಸುತ್ತತೊಡಗಿದರು. ಪುಸ್ತಕದ ಬದನೆಕಾಯಿ ಎನ್ನುವುದು ಇಂಥದ್ದಕ್ಕೇ. ಅವಳನ್ನು ಬೈಯಬೇಕೆಂದರೂ ನನಗೆ ಬಾಯಿ ಬರುವುದಿಲ್ಲ. ಆಟ ಎಂದು ಒಪ್ಪಿಕೊಂಡ ಮೇಲೆ ಅದರೊಳಗೆ ಬಂದ ನಿಜವನ್ನು ಯಾರು ತಾನೇ ಗುರುತಿಸುತ್ತಾರೆ?

ಗಡಿಯಾರದ ಪಟ್ಟಿ ಮಾತ್ರ ಮುಗಿಯಲೇ ಇಲ್ಲ. ಎರಡು ದಿನದಲ್ಲಿ ಕೋಟು ಹೊಲಿದು ಕೊಡುವ ಕೈ ಅದು. ಕೇಳಿದರೆ, “ನಾಳೆ ಕೊಡ್ತೀನಿ” ಎನ್ನುವರು. ದರ್ಜಿಯ ನಾಳೆ ಎಂದರೆ ಲೋಕಕ್ಕೇ ಗೊತ್ತಿರುವ ನಾಳೆ ಎಂದು ಗಿಣಿ ನಕ್ಕು ಸುಮ್ಮನಾಗುತ್ತಿದ್ದಳು. ಪರೀಕ್ಷೆಯ ಬೆಳಿಗ್ಗೆ ಅವಳು ಹೊರಡುವಾಗ ಅತ್ತೆ ಕೊನೆಯ ಮೆಟ್ಟಿಲ ಮೇಲೆ ಕೂತು ಅದನ್ನು ಕೈಗಿತ್ತರು. ಕಂದು ಬಣ್ಣದ ಚರ್ಮ, ಅಂಚಿಗೆ ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ. ತಾವೇ ಅವಳ ಕೈಗೆ ಕಟ್ಟಿದರು. ಅಳತೆ ತೆಗೆಯದೆಯೇ ಹೊಲಿದದ್ದು, ಆದರೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

“ಧೈರ್ಯವಾಗಿ ಹೋಗು. ಸಂಜೆ ಬಾ, ನಿನಗೊಂದು ಮಾತು ಹೇಳೋದಿದೆ.”

“ಈಗ್ಲೇ ಹೇಳಿ ಅತ್ತೆ.”

“ಸಂಜೆ ಅಂದ್ನಲ್ಲ” ಎಂದು ಅತ್ತೆ ಬಾಗಿಲು ತೋರಿಸಿದರು.

ಪರೀಕ್ಷೆಯ ಕೋಣೆಯಲ್ಲಿ ಚಾಪೆಯ ಮೇಲೆ ಮತ್ತೆ ಅದೇ ಡ್ರೈವರ್. ಮೇಷ್ಟ್ರು ಗೋಡೆಗೊರಗಿ, ಅಂಕದ ಹಾಳೆ ಹಿಡಿದು ನಿಂತಿದ್ದರು. ಗಿಣಿ ಈ ಸಲ ಗಿಣಿಯಂತೆ ಶುರುಮಾಡಲಿಲ್ಲ. ಮಂಡಿಯೂರಿ ಕುಳಿತು, ತನ್ನ ಚೀಲದ ಪಟ್ಟಿಯ ತುದಿಯನ್ನು ಅವನ ಕೈಗೆ ಕೊಟ್ಟು, “ಇದನ್ನ ಸ್ವಲ್ಪ ಹಿಡ್ಕೊಂಡಿರಿ ಅಣ್ಣ. ಏನಾಯ್ತು ಹೇಳಿ” ಎಂದು ಕೇಳಿ ಸುಮ್ಮನೆ ಕಾದಳು. ಡ್ರೈವರ್ ಕಕ್ಕಾಬಿಕ್ಕಿಯಾಗಿ ಪಟ್ಟಿ ಹಿಡಿದುಕೊಂಡು, ನರಳುವುದನ್ನು ಮರೆತು, ಹೇಳಬೇಕಾದದ್ದನ್ನೆಲ್ಲ ಹೇಳಿಬಿಟ್ಟ. ಮೇಷ್ಟ್ರ ಹುಬ್ಬು ಸ್ವಲ್ಪ ಮೇಲೆ ಹೋಯಿತು.

ನಾಡಿಯ ಸರದಿ ಬಂತು. ಹೊಸ ಪಟ್ಟಿಯ ಗಡಿಯಾರ ನೋಡಿಕೊಂಡು ಎಣಿಸತೊಡಗಿದಳು. ಡ್ರೈವರನ ನಾಡಿ ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದರ ಹಿಂದೆ ಒಂದು ಓಡಿ ಬರುತ್ತಿತ್ತು. ಬಿಡುವೇ ಇಲ್ಲ. ತೊಂಬತ್ತು ನೂರರ ಮೇಲೇ ಇರಬೇಕು ಅಂದುಕೊಂಡಳು. ಅಷ್ಟರಲ್ಲಿ ಅರ್ಧ ನಿಮಿಷ ಮುಗಿದೇಹೋಯಿತು. ಎಣಿಕೆ ಮೂವತ್ತೊಂಬತ್ತು.

ಮೂವತ್ತೊಂಬತ್ತೇ? ಎರಡರಷ್ಟು ಎಪ್ಪತ್ತೆಂಟು. ಆರೋಗ್ಯವಂತನ ನಾಡಿ. ಹೇಳಿ ಮುಂದೆ ಹೋಗಬೇಕು. ಆದರೆ ಗಿಣಿಯ ಬೆರಳು ಹೋಗಗೊಡಲಿಲ್ಲ. ಅತ್ತೆಯದು ಮೂವತ್ತೆಂಟು, ಇವನದು ಮೂವತ್ತೊಂಬತ್ತು. ಲೆಕ್ಕ ಹೆಚ್ಚುಕಡಿಮೆ ಒಂದೇ. ಇವನದು ಓಡುತ್ತಿದೆ, ಅವರದು ನಿಂತು ನಿಂತು ನಡೆಯುತ್ತಿತ್ತು. ಅಷ್ಟು ನಿಧಾನವಾಗಿ ನಡೆದು ಅಷ್ಟೇ ಹೊತ್ತಿನಲ್ಲಿ ಅಷ್ಟೇ ದೂರ ಹೋಗುವುದು ಹೇಗೆ ಸಾಧ್ಯ? ಅವಳು ಮತ್ತೊಮ್ಮೆ ಗಡಿಯಾರ ನೋಡಿದಳು. ಅರ್ಧ ನಿಮಿಷ ಎನ್ನುವುದು ಇಷ್ಟು ಚಿಕ್ಕದೇ? ಮನೆಯಲ್ಲಿ ಅದು ಎಷ್ಟು ಉದ್ದವಿತ್ತು!

ಗಡಿಯಾರ ನೋಡುತ್ತಿದ್ದವರು ಅತ್ತೆ. ‘ಆಯ್ತು’ ಎನ್ನುತ್ತಿದ್ದವರು ಅತ್ತೆ. ಎಂಟು ದಿನ ಪಟ್ಟಿ ಹೊಲಿಯದೆ ಕೈಗಡಿಯಾರ ಇಟ್ಟುಕೊಂಡವರೂ ಅತ್ತೆಯೇ. ಅರ್ಧ ನಿಮಿಷವಲ್ಲ ಅದು, ಪೂರ್ತಿ ನಿಮಿಷ. ಎರಡರಷ್ಟು ಮಾಡಬೇಕಾದದ್ದೇ ಇರಲಿಲ್ಲ. ಮೂವತ್ತೆಂಟೇ ನಾಡಿ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ, ಮೂರು ವಾರ, ಗೋಡೆ ಇತ್ತು.

ಎದ್ದು ಓಡಬೇಕೆನ್ನಿಸಿತು. ಆದರೆ ಶಾಲೆಯಲ್ಲಿ ಇನ್ನೊಂದು ಕಾನೂನಿದೆ, ರೋಗಿಯನ್ನು ನಡುವೆ ಬಿಟ್ಟುಹೋದವರು ಅಲ್ಲಿಗೆ ನಪಾಸು. ಬಿಡಲೇಬೇಕಾದರೆ ತನ್ನಷ್ಟೋ ತನಗಿಂತ ಹೆಚ್ಚೋ ಬಲ್ಲವರಿಗೆ ಒಪ್ಪಿಸಿ ಹೋಗಬೇಕು. ಅವಳು ಎದ್ದು ಮೇಷ್ಟ್ರ ಕಡೆ ತಿರುಗಿದಳು.

“ಸರ್, ಈ ರೋಗಿಯನ್ನ ನಿಮಗೆ ಒಪ್ಪಿಸ್ತಿದೀನಿ. ಎಚ್ಚರವಾಗಿದ್ದಾರೆ, ಉಸಿರು ಸರಿಯಾಗಿದೆ, ನಾಡಿ ಎಪ್ಪತ್ತೆಂಟು, ಬಲಗಾಲಿಗೆ ಪೆಟ್ಟು. ಮನೆಯಲ್ಲಿ ನನ್ನ ಅತ್ತೆಯ ನಾಡಿ ಮೂವತ್ತೆಂಟಿದೆ ಸರ್. ನಾನು ಈಗ ಹೋಗಬೇಕು.”

“ಮೂವತ್ತೆಂಟಾ? ಯಾರು ಎಣಿಸಿದ್ದು?” ಎಂದರು ಮೇಷ್ಟ್ರು.

“ನಾನೇ ಎಣಿಸಿದ್ದು. ಎಂಟು ದಿನದಿಂದ. ನನಗೆ ಗೊತ್ತಾಗಲಿಲ್ಲ, ಅಷ್ಟೆ.”

ಮೇಷ್ಟ್ರು ಅಂಕದ ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡು, ಚಾಪೆಯ ಮೇಲಿದ್ದವನನ್ನು ಕಾಲಿನಿಂದ ತಟ್ಟಿದರು. “ಏಳಯ್ಯಾ, ನಿನ್ನ ಕಾಲು ವಾಸಿಯಾಯ್ತು. ಗಾಡಿ ತೆಗಿ.”

ಹೀಗೆ ರೋಗಿಯೇ ಎದ್ದು ಆಂಬುಲೆನ್ಸ್ ಓಡಿಸಿದ. ದಾರಿಯುದ್ದಕ್ಕೂ ಗಿಣಿ ಮನೆಗೆ ಫೋನು ಮಾಡಿದಳು. ಅತ್ತೆ ಎತ್ತಲಿಲ್ಲ. ಹೊಲಿಗೆ ಯಂತ್ರದ ಸದ್ದಿಗೆ ಆಕೆಗೆ ಫೋನು ಎಂದೂ ಕೇಳಿಸಿದ್ದಿಲ್ಲ ಎಂದು ತನಗೆ ತಾನೇ ನಾಲ್ಕು ಸಲ ಹೇಳಿಕೊಂಡಳು.

ಯಂತ್ರ ನಿಂತಿತ್ತು. ಅತ್ತೆ ಮೇಲಕ್ಕೆ ಹೊರಟವರು ಐದನೆಯ ಮೆಟ್ಟಿಲಿನ ಮೇಲೆ, ಗೋಡೆಗೆ ತಲೆಯೊರಗಿಸಿ ಕುಳಿತಿದ್ದರು. ತುಟಿ ಬಿಳಿಚಿತ್ತು, ಹಣೆಯ ಮೇಲೆ ಬೆವರು. ಸೊಸೆಯನ್ನೂ, ಅವಳ ಹಿಂದೆ ಚೀಲ ಹೊತ್ತ ಮೇಷ್ಟ್ರನ್ನೂ ಕಂಡು, “ಪರೀಕ್ಷೆ ಬಿಟ್ಟು ಬಂದ್ಯಾ?” ಎಂದರು. ಗಾಬರಿಯೆಲ್ಲ ಪರೀಕ್ಷೆಯದ್ದೇ.

ಮೇಷ್ಟ್ರು ಚೀಲವನ್ನು ಗಿಣಿಯ ಪಕ್ಕದಲ್ಲಿಟ್ಟು ಎರಡು ಮೆಟ್ಟಿಲು ಕೆಳಗೆ ನಿಂತರು. ಮುಂದೆ ಬರಲಿಲ್ಲ.

ಗಿಣಿ ಅತ್ತೆಯನ್ನು ಎದ್ದೇಳಗೊಡದೆ ಪಕ್ಕದಲ್ಲೇ ಕೂತಳು. ರಕ್ತದೊತ್ತಡ ನೋಡುವ ಪಟ್ಟಿಯ ತುದಿಯನ್ನು ಅವರ ಕೈಗೆ ಕೊಟ್ಟು, “ಇದನ್ನ ಹಿಡ್ಕೊಳ್ಳಿ ಅತ್ತೆ” ಎಂದಳು. ಅತ್ತೆ ಹಿಡಿದುಕೊಂಡರು. “ಈಗ ಏನಾಗ್ತಿದೆ ಹೇಳಿ. ಆನೆ ಬೇಡ.”

“ಕಣ್ಣು ಕತ್ತಲೆ. ಆಗ್ಲಿಂದ ಎರಡು ಸಲ ಬಂತು.”

“ಎದೆ ನೋವು?”

“ಇಲ್ಲ. ಸುಸ್ತು ಕಣೇ, ತುಂಬಾ ಸುಸ್ತು.”

ಅವಳು ಪ್ರತಿ ಪ್ರಶ್ನೆಯ ನಂತರವೂ ಕಾದಳು. ನಲವತ್ತೆರಡು ಹೆಜ್ಜೆಗಳಲ್ಲಿ ಯಾವುದನ್ನು ಯಾವ ಕ್ರಮದಲ್ಲಿ ಮಾಡಿದಳೋ ಅವಳಿಗೇ ಗೊತ್ತಿಲ್ಲ. ನಾಡಿಯನ್ನು ಮಾತ್ರ ಅತ್ತೆ ಹೊಲಿದ ಪಟ್ಟಿಯ ಗಡಿಯಾರ ನೋಡಿಕೊಂಡು, ಒಂದು ನಿಮಿಷ ಪೂರ್ತಿ, ಒಂದನ್ನೂ ಬಿಡದೆ ಎಣಿಸಿದಳು.

“ಮೂವತ್ತಾರು ಸರ್. ರಕ್ತದೊತ್ತಡವೂ ಕಮ್ಮಿ. ನಡೆಸೋದು ಬೇಡ, ಕುರ್ಚಿಯಲ್ಲಿ ಇಳಿಸೋಣ” ಎಂದಳು. ಮೇಷ್ಟ್ರು ಆಂಬುಲೆನ್ಸಿನ ಕುರ್ಚಿ ತರಲು ಇಳಿದರು.

ದೊಡ್ಡಾಸ್ಪತ್ರೆಯ ಹೃದಯದ ವೈದ್ಯೆ ಪರೀಕ್ಷೆ ಮಾಡಿ, ಹೃದಯದ ಮೇಲಿನ ಕೋಣೆ ಕೊಟ್ಟ ಅಪ್ಪಣೆ ಕೆಳಗಿನ ಕೋಣೆಗೆ ತಲುಪುತ್ತಿಲ್ಲ, ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರ ಕೂರಿಸಿದರೆ ಸರಿಹೋಗುತ್ತದೆ, ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದರು. ಅದನ್ನು ಕೇಳಿ ಗಿಣಿ ಹೊರಗಿನ ಬೆಂಚಿನ ಮೇಲೆ ಕುಸಿದು ಕೂತು ಅತ್ತಳು. ಸಮಾಧಾನಕ್ಕೆ ಅತ್ತಳೋ, ನಾಚಿಕೆಗೆ ಅತ್ತಳೋ, ಎರಡೂ ಇತ್ತು. ಮೇಷ್ಟ್ರು ಪಕ್ಕದಲ್ಲಿ ಕೂತು ಜೇಬಿನಿಂದ ಹಾಳೆ ತೆಗೆದರು.

“ಡ್ರೈವರನ ಕಾಲನ್ನ ಬರುವ ವಾರ ಬಂದು ಮುಗಿಸು. ಅಲ್ಲೀವರ್ಗಿನ ಅಂಕ ಹಾಕಿದೀನಿ” ಎಂದರು. ಗಿಣಿ ನೋಡಿದಳು. ನಾಡಿ ಎಂಬ ಸಾಲಿನ ಎದುರು 78 ಎಂದಿತ್ತು, ಅದರ ಕೆಳಗೆ ಮೇಷ್ಟ್ರು ತಾವಾಗಿ ಇನ್ನೊಂದು ಸಾಲು ಎಳೆದು 36 ಎಂದು ಬರೆದು ಸಹಿ ಹಾಕಿದ್ದರು. ಮುಂದಿನ ವಾರ ಅವಳು ಪಾಸಾದಳು. ಆದರೆ ಆ ಹೊತ್ತಿನಲ್ಲಿ ಅವಳಿಗೆ ಪರೀಕ್ಷೆಯ ಯೋಚನೆಯೇ ಇರಲಿಲ್ಲ.

ಒಳಗೆ ಬಿಟ್ಟಾಗ ಮಧ್ಯಾಹ್ನ ಮೂರು ಗಂಟೆ. ಅತ್ತೆಯ ಎದೆಗೆ ತಂತಿಗಳನ್ನು ಅಂಟಿಸಿದ್ದರು. ಯಂತ್ರದ ಪರದೆಯ ಮೇಲೆ ಹಸಿರು ಗೆರೆ ಹರಿಯುತ್ತಿತ್ತು. ಕೊರಳಲ್ಲಿ ಟೇಪು ಇಲ್ಲದ ಅತ್ತೆಯನ್ನು ಗಿಣಿ ನೋಡಿದ್ದೇ ಇಲ್ಲ. ಚಿಕ್ಕವರಾಗಿ ಕಂಡರು.

“ಎಂಟು ದಿನ ಅತ್ತೆ” ಎಂದಳು. ಸಿಟ್ಟನ್ನು ಒತ್ತಿ ಹಿಡಿಯಲು ಹೋಗಿ ಮಾತು ಒಡೆಯಿತು. “ಎಂಟು ದಿನ ನಿಮ್ಮ ಕೈ ಹಿಡ್ಕೊಂಡೇ ಕೂತಿದ್ದೆ. ನೀವು ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ್ರಿ.”

“ಮೊದಲನೇ ರಾತ್ರಿ ನಿನ್ನ ಪುಸ್ತಕ ಕೇಳಿ ನಾನೇ ಎಣಿಸ್ಕೊಂಡೆ. ಗೊತ್ತಾಯ್ತು. ಹೇಳಿದ್ರೆ ನೀನು ಅವತ್ತೇ ಪುಸ್ತಕ ಮುಚ್ಚಿಟ್ಟು ನನ್ನ ಮಂಚದ ಪಕ್ಕ ಕೂರ್ತಿದ್ದೆ. ಒಂದು ಸಲ ನಮ್ಮನೆ ಮಂಚ ನಿನ್ನ ಓದನ್ನ ನುಂಗಿದ್ದು ಸಾಕಾಗ್ಲಿಲ್ವಾ? ಆಗ ನಾನು ಬಾಯಿ ಬಿಡ್ಲಿಲ್ಲ. ಓದು ಬಿಡಬೇಡ ಅಂತ ಒಂದು ಮಾತು ಹೇಳ್ಬೋದಿತ್ತು, ಹೇಳ್ಲಿಲ್ಲ.” ಅತ್ತೆ ಉಸಿರಿಗೆ ನಿಂತರು. “ಹತ್ತು ದಿನ ತಾನೇ, ತಡ್ಕೊಳ್ಳೋಣ ಅಂದ್ಕೊಂಡೆ.”

“ಆರನೇ ದಿನ ಹೇಳೋಕೆ ಬಂದ್ರಲ್ಲ.”

“ಹೆದರಿಕೆ ಆಗಿತ್ತು ಕಣೇ ಅವತ್ತು.”

ಗಿಣಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಅತ್ತೆ ಪರದೆಯ ಕಡೆ ನೋಡುತ್ತ, ಯಾರಿಗೋ ಹೇಳುವವರ ಹಾಗೆ ಹೇಳಿದರು.

“ಮೊದಲನೇ ದಿನ ಸುಳ್ಳು ಲೆಕ್ಕಕ್ಕೋಸ್ಕರ ತಡವಾಗಿ ಆಯ್ತು ಅಂದೆ. ಆಮೇಲೆ ಬರೀ ಅದಕ್ಕಲ್ಲ. ಅರ್ಧ ನಿಮಿಷಕ್ಕೇ ಆಯ್ತು ಅಂದ್ರೆ ನೀನು ಕೈ ಬಿಟ್ಟುಬಿಡ್ತಿದ್ದೆ. ನಿಮ್ಮ ಮಾವ ಹೋದ್ಮೇಲೆ ನನ್ನ ಕೈ ಯಾರೂ ಹಿಡಿದಿರ್ಲಿಲ್ಲ.”

ಗಿಣಿ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. ತಣ್ಣಗಿದ್ದ ಆ ಕೈಯನ್ನು ತೆಗೆದುಕೊಂಡು, ಹೆಬ್ಬೆರಳ ಬುಡದಲ್ಲಿ ತನ್ನ ಎರಡು ಬೆರಳಿಟ್ಟಳು. ಅತ್ತೆ ಕಣ್ಣು ಮುಚ್ಚಿದರು. ಒಂದು ನಿಮಿಷ ಹೋಯಿತು, ಇನ್ನೊಂದೂ ಹೋಯಿತು. ಔಷಧಿ ತಂದ ನರ್ಸ್ ಅದನ್ನು ನೋಡಿ, “ನಾಡಿ ಪರದೆ ಮೇಲೇ ಬರ್ತಿದೆಯಲ್ಲಮ್ಮ, ಕೈಯಲ್ಲಿ ಯಾಕೆ ಎಣಿಸ್ತಿದೀರಾ?” ಎಂದು ಕೇಳಿದಳು.

“ಎಣಿಸ್ತಿಲ್ಲ ಸಿಸ್ಟರ್” ಎಂದಳು ಗಿಣಿ.